ಲ್ಯಾಬಿಗೆಲ್ಲ ಲಿನಕ್ಸ್: ಒಮ್ಮೆ ಇಳಿಸಿ, ಸರಿಯಾಗಿ ಹಂಚಿ

ಶಾಲೆಯ ಲ್ಯಾಬಿನಲ್ಲಿ 20 ಕಂಪ್ಯೂಟರ್, ಒಂದೇ ಬ್ರಾಡ್‌ಬ್ಯಾಂಡ್. ಇಪ್ಪತ್ತರಲ್ಲೂ ಒಟ್ಟಿಗೆ ಡೌನ್‌ಲೋಡ್ ಒತ್ತಿ ಸಂಜೆತನಕ ಕಾಯುತ್ತಾ ಕೂತ ಮೇಷ್ಟ್ರುಗಳನ್ನು ನೋಡಿದ್ದೇನೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಒಂದು ಬಗೆಯಾದ ಡೆಬಿಯನ್ ಹಾಕುವುದಾದರೆ ಹೀಗೆ ಮಾಡಿ.

ಇನ್‌ಸ್ಟಾಲರ್ ಇರುವ ಐಎಸ್‌ಒ ಫೈಲನ್ನು ಒಂದೇ ಕಂಪ್ಯೂಟರಿಗೆ ಇಳಿಸಿ. ಡೆಬಿಯನ್‌ನವರೇ ಕೊಡುವ ಟೊರೆಂಟ್ (ಫೈಲನ್ನು ತುಂಡು ತುಂಡಾಗಿ ಇಳಿಸುವ ವಿಧಾನ) ಇದೆ, ಅದನ್ನೇ ಬಳಸಿ. ಕರೆಂಟ್ ಹೋಗಿ ಬಂದರೂ ನಿಂತಲ್ಲಿಂದ ಮುಂದುವರಿಯುತ್ತದೆ.

ಎಲ್ಲರೂ ಎಡವುವುದು ಇದರ ಮುಂದೆ. ಇಳಿದ ಫೈಲನ್ನು 'ಎಸ್‌ಎಚ್‌ಎ256ಸಮ್' ಕಮಾಂಡಿಗೆ ಕೊಟ್ಟರೆ 64 ಅಕ್ಷರಗಳ ಸಾಲು, ಅಂದರೆ ಚೆಕ್‌ಸಮ್, ಬರುತ್ತದೆ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಡೆಬಿಯನ್ ಕೊಟ್ಟ ಸಾಲನ್ನು ಇದರ ಕೆಳಗೇ ಅಂಟಿಸಿ ನೋಡಿ. ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ ಬಿಡಬೇಡಿ.

ಇಷ್ಟೇ ಸಾಲದು. 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್ ವೆಬ್‌ಸೈಟಿಗೆ ನುಗ್ಗಿದವರು ಡೌನ್‌ಲೋಡ್ ಲಿಂಕನ್ನು ಕದ್ದು ಒಳನುಗ್ಗಲು ಹಿಂಬಾಗಿಲು ಇಟ್ಟ ಐಎಸ್‌ಒ ಕಡೆ ತಿರುಗಿಸಿಬಿಟ್ಟರು. ಪುಟವೇ ಕಳ್ಳರ ಕೈಲಿದ್ದರೆ ಅದೇ ಪುಟದ ಚೆಕ್‌ಸಮ್ ಕೂಡ ಅವರು ಬದಲಿಸಬಹುದು, ಅಲ್ವಾ? ಅದಕ್ಕೇ ಚೆಕ್‌ಸಮ್ ಫೈಲಿಗೆ ಡೆಬಿಯನ್ ಹಾಕಿದ ಡಿಜಿಟಲ್ ಸಹಿಯನ್ನು 'ಜಿಪಿಜಿ' ಎಂಬ ತಂತ್ರಾಂಶದಲ್ಲಿ ಪರೀಕ್ಷಿಸಬೇಕು. 'ಗುಡ್ ಸಿಗ್ನೇಚರ್' ಅಂತ ಬಂದ ಕೂಡಲೇ ನಿಲ್ಲಿಸಬೇಡಿ. ಡೆಬಿಯನ್ ಹೆಸರಲ್ಲಿ ಯಾರು ಬೇಕಾದರೂ ಕೀ (ಸಹಿ ಹಾಕುವ ಡಿಜಿಟಲ್ ಕೀಲಿ) ಮಾಡಿಕೊಳ್ಳಬಹುದು. ಅದರ ಕೆಳಗೆ ಕಾಣುವ 40 ಅಕ್ಷರಗಳ ಫಿಂಗರ್‌ಪ್ರಿಂಟ್ (ಕೀಯ ಗುರುತು) ಡೆಬಿಯನ್ ಪ್ರಕಟಿಸಿದ ಫಿಂಗರ್‌ಪ್ರಿಂಟ್ ಜೊತೆ ತಾಳೆಯಾಗಬೇಕು. ನಾನು ಅದನ್ನು ಲ್ಯಾಬಿನ ಸ್ಟಾಕ್ ರಿಜಿಸ್ಟರಿನ ಮೊದಲ ಪುಟದಲ್ಲಿ ನಾಲ್ಕು ನಾಲ್ಕು ಅಕ್ಷರ ಬಿಡಿಸಿ ಬರೆದಿಟ್ಟಿದ್ದೇನೆ. ಪ್ರತಿ ಸಲ ಬೆರಳಿಟ್ಟು ಓದುತ್ತೇನೆ. ಐದು ನಿಮಿಷದ ಕೆಲಸ.

ಆಮೇಲೆ ಪೆನ್‌ಡ್ರೈವ್‌ಗೆ ಬರೆದು ಇನ್‌ಸ್ಟಾಲ್ ಮಾಡಿ. ತೀರಾ ಅಗ್ಗದ ಪೆನ್‌ಡ್ರೈವ್ ಮಾತ್ರ ಬೇಡ. ಮೇಲೆ 64 ಜಿಬಿ ಅಂತ ಅಚ್ಚಾಗಿದ್ದರೂ ಕೆಲವದರಲ್ಲಿ ಅಷ್ಟು ಜಾಗವೇ ಇರುವುದಿಲ್ಲ.

ಅಪ್‌ಡೇಟ್‌ಗಳಿಗೆ ಒಂದು ಕಂಪ್ಯೂಟರಿನಲ್ಲಿ, ಬಂದ ಪ್ಯಾಕೇಜುಗಳನ್ನು ಉಳಿಸಿಟ್ಟು ಹಂಚುವ 'ಆಪ್ಟ್-ಕ್ಯಾಚರ್-ಎನ್‌ಜಿ' ಹಾಕಿ. ಉಳಿದವುಗಳಲ್ಲಿ ಆಪ್ಟ್‌ನ (ಡೆಬಿಯನ್‌ನಲ್ಲಿ ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ತಂದು ಹಾಕುವ ಕಮಾಂಡ್) ಪ್ರಾಕ್ಸಿಯಾಗಿ, ಅಂದರೆ ನಡುವಿನ ಕಂಪ್ಯೂಟರಾಗಿ, ಅದರ ವಿಳಾಸ, ಪೋರ್ಟ್ 3142 ಕೊಡಿ. ಒಂದು ಪ್ಯಾಕೇಜ್ ಹೊರಗಿನಿಂದ ಒಮ್ಮೆ ಬಂದರೆ ಸಾಕು, ಉಳಿದ 19ಕ್ಕೂ ಲ್ಯಾಬಿನೊಳಗೇ ಸಿಗುತ್ತದೆ. ಡೆಬಿಯನ್ ಸಹಿಯನ್ನು ಪ್ರತಿ ಕಂಪ್ಯೂಟರೂ ತಾನೇ ಪರೀಕ್ಷಿಸುವುದರಿಂದ ನಡುವೆ ಯಾರೂ ಕಲಬೆರಕೆ ಮಾಡಲಾಗದು.

ಅಪ್‌ಡೇಟ್ ಮಾಡುವಾಗ ಎರರ್ ಬಂತು ಅಂತ ಕೆಲವರು ಆ ಸಹಿ ಪರೀಕ್ಷೆಯನ್ನೇ ಆಫ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫೈಲ್ 'ಇನ್ನೂ ಮಾನ್ಯವಾಗಿಲ್ಲ' ಅನ್ನುವ ಎರರ್ ಆದರೆ ಮೊದಲು ಕಂಪ್ಯೂಟರಿನ ತಾರೀಖು ನೋಡಿ. ಹಳೇ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದ್ದರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಹೊಸ ಸೆಲ್ ಹಾಕಿ, ತಾರೀಖು ಸರಿಮಾಡಿ, ಮತ್ತೆ ಅಪ್‌ಡೇಟ್ ಕೊಡಿ.