ಎದುರುಬದುರು ಕೂತು ಕ್ರಿಪ್ಟೊ ಮಾರುವಾಗ: ಅವರ ಫೋನ್ ಬಿಡಿ, ನಿಮ್ಮ ಫೋನ್ ನೋಡಿ

ಟೆಲಿಗ್ರಾಮ್ ಗುಂಪಿನಲ್ಲಿ ಒಂದು ಮೆಸೇಜ್ ಬರುತ್ತದೆ. "ಯುಎಸ್‌ಡಿಟಿ ಬೇಕು, ಕ್ಯಾಶ್ ರೆಡಿ, ಬೆಂಗಳೂರಲ್ಲಿ ಎಲ್ಲಿ ಹೇಳಿದರೂ ಬರ್ತೀನಿ." ಯುಎಸ್‌ಡಿಟಿ ಅಂದರೆ ಟೆದರ್ ಕಂಪನಿ ಹೊರಡಿಸುವ, ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ಕಾಯಿನ್. ರೇಟು ಎಕ್ಸ್‌ಚೇಂಜ್‌ಗಿಂತ ಎರಡು ಮೂರು ರೂಪಾಯಿ ಜಾಸ್ತಿ. ನಿಮ್ಮ ಹತ್ತಿರವೂ ಒಂದಿಷ್ಟು ಯುಎಸ್‌ಡಿಟಿ ಇದೆ. ವಿದೇಶದ ಕ್ಲೈಂಟ್ ಕೊಟ್ಟಿದ್ದಿರಬಹುದು, ಹಳೆಯ ಹೂಡಿಕೆ ಇರಬಹುದು. 2024ರ ಜುಲೈನಲ್ಲಿ ಭಾರತದ ಕ್ರಿಪ್ಟೊ ಎಕ್ಸ್‌ಚೇಂಜ್ ವಜೀರ್‌ಎಕ್ಸ್ ಹ್ಯಾಕ್ ಆಗಿ ಜನರ ದುಡ್ಡು ಒಳಗೇ ಸಿಕ್ಕಿಹಾಕಿಕೊಂಡ ಮೇಲೆ ಎಕ್ಸ್‌ಚೇಂಜ್ ಅಂದರೆ ಹೆದರುವವರೂ ಇದ್ದಾರೆ. ಹಾಗಾಗಿ ಕೈಗೆ ಕೈ ವ್ಯವಹಾರ ಎಷ್ಟೋ ಜನಕ್ಕೆ ಸುಲಭ ಅನ್ನಿಸುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗೊತ್ತಿಲ್ಲದವರ ಜೊತೆ ಕ್ಯಾಶ್ ವ್ಯವಹಾರ ಬೇರೆ ದಾರಿ ಇಲ್ಲದಿದ್ದಾಗ ಮಾತ್ರ. ಎರಡು ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಹೋಗುವುದಾದರೆ ಹೋಗಬೇಡಿ. ಎಫ್‌ಐಯು ಅಂದರೆ ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡ ಎಕ್ಸ್‌ಚೇಂಜ್‌ನಲ್ಲಿ ಮಾರಿ, ದುಡ್ಡು ನೇರ ಬ್ಯಾಂಕಿಗೆ ಬರಲಿ. ಆದರೂ ಹೋಗಲೇಬೇಕು ಅನ್ನುವವರಿಗೆ ಈ ಲೇಖನ. ಇದರಲ್ಲಿ ಎಲ್ಲ ಹೆಜ್ಜೆಗೂ ಒಂದೇ ಆಧಾರ: ಎದುರಿನವರು ತೋರಿಸಿದ್ದು ಸಾಕ್ಷಿಯಲ್ಲ, ನಿಮ್ಮ ಕೈಲಿರುವ ಫೋನು, ನಿಮ್ಮ ಕೈಲಿರುವ ನೋಟು ಹೇಳಿದ್ದು ಮಾತ್ರ ಸಾಕ್ಷಿ.

ಮೊದಲು ಕಾನೂನು ಎಲ್ಲಿ ನಿಂತಿದೆ ಅಂತ ತಿಳಿದಿರಲಿ

ಕ್ರಿಪ್ಟೊ ಇಟ್ಟುಕೊಳ್ಳುವುದು, ಮಾರುವುದು ಅಪರಾಧವಲ್ಲ. ಬ್ಯಾಂಕುಗಳು ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಬಾರದು ಎಂದು 2018ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಆದರೆ ತೆರಿಗೆ ಇದೆ. ಲಾಭದ ಮೇಲೆ 30%, ಅದರ ಮೇಲೆ ಸೆಸ್. ಒಂದು ಕಾಯಿನ್‌ನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸಿಕೊಳ್ಳಲು ಆಗುವುದಿಲ್ಲ. 2022ರ ಜುಲೈನಿಂದ 1% ಟಿಡಿಎಸ್ ಕೂಡ ಇದೆ. ಮಧ್ಯೆ ಎಕ್ಸ್‌ಚೇಂಜ್ ಇಲ್ಲದೆ ನೇರವಾಗಿ ಕೊಂಡರೆ, ಮಿತಿ ದಾಟಿದ ಮೇಲೆ ಅದನ್ನು ಹಿಡಿದು ಕಟ್ಟುವ ಹೊಣೆ ಕೊಳ್ಳುವವರದ್ದು. ಅದಕ್ಕೆ ಮಾರುವವರ ಪ್ಯಾನ್ ಬೇಕು.

ಇನ್ನೊಂದು ಮಿತಿ ತುಂಬಾ ಜನಕ್ಕೆ ಗೊತ್ತಿಲ್ಲ. ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವ ಹಾಗಿಲ್ಲ. ತಗೊಂಡರೆ ತಗೊಂಡಷ್ಟೇ ದಂಡ ಬೀಳಬಹುದು, ಅದೂ ಕೊಟ್ಟವರಿಗಲ್ಲ, ತಗೊಂಡವರಿಗೆ. ಹಾಗಾಗಿ "ಐದು ಲಕ್ಷ ಕ್ಯಾಶ್ ಇದೆ, ಇವತ್ತೇ ಮುಗಿಸೋಣ" ಅನ್ನುವವರಿಗೆ ಫೋನಿನಲ್ಲೇ ಬೇಡ ಅಂದುಬಿಡಿ. ಅಷ್ಟು ನಗದು ಹಿಡಿದು ಕ್ರಿಪ್ಟೊ ಹುಡುಕುವವರ ದುಡ್ಡು ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಮುಂದೊಂದು ದಿನ ನಿಮ್ಮ ಬಾಗಿಲಿಗೇ ಬರುತ್ತದೆ.

ಹೊರಡುವ ಮುಂಚೆ: ಫೋನ್ ಸಿದ್ಧ ಮಾಡಿ

ಇಡೀ ಗಂಟು ಇರುವ ವಾಲೆಟ್ (ಕ್ರಿಪ್ಟೊ ಇಡುವ ಆ್ಯಪ್) ಜೇಬಿನಲ್ಲಿಟ್ಟುಕೊಂಡು ಹೋಗಬೇಡಿ. ಹೊಸದೊಂದು ವಾಲೆಟ್ ಮಾಡಿ, ಅವತ್ತು ಮಾರಬೇಕಾದಷ್ಟನ್ನೇ ಅದಕ್ಕೆ ಕಳಿಸಿಕೊಳ್ಳಿ. ಇದರಿಂದ ಎರಡು ಲಾಭ. ನಿಮ್ಮ ಹಳೆಯ ವಾಲೆಟ್ ವಿಳಾಸ (ಖಾತೆ ಸಂಖ್ಯೆಯಂಥದ್ದು) ಎದುರಿನವರಿಗೆ ಸುಲಭಕ್ಕೆ ಕಾಣಿಸುವುದಿಲ್ಲ. ಬ್ಲಾಕ್‌ಚೇನ್‌ನಲ್ಲಿ (ಎಲ್ಲ ವ್ಯವಹಾರ ಬರೆದಿಡುವ ಸಾರ್ವಜನಿಕ ಲೆಕ್ಕದ ಪುಸ್ತಕ) ವಿಳಾಸ ಸಿಕ್ಕಿದರೆ ಅದರಲ್ಲಿ ಎಷ್ಟಿದೆ ಅಂತ ಯಾರು ಬೇಕಾದರೂ ನೋಡಬಹುದು. ಎರಡನೆಯದು, ಯಾರಾದರೂ ಹೆದರಿಸಿ ಕಿತ್ತುಕೊಂಡರೂ ಹೋಗುವುದು ಅಷ್ಟೇ. ಆದರೆ ಜಾಣರು ಹೊಸ ವಿಳಾಸಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಿ ನೋಡಬಲ್ಲರು. ಅದಕ್ಕೇ ದೊಡ್ಡ ಮೊತ್ತದ ವಾಲೆಟ್‌ನಿಂದ ನೇರವಾಗಿ ಕಳಿಸಿಕೊಳ್ಳುವ ಬದಲು ಎಕ್ಸ್‌ಚೇಂಜ್ ಖಾತೆಯಿಂದ ಹೊಸ ವಾಲೆಟ್‌ಗೆ ಹಾಕಿಕೊಂಡರೆ ಒಳ್ಳೆಯದು.

ಹನ್ನೆರಡು ಅಥವಾ ಇಪ್ಪತ್ತನಾಲ್ಕು ಪದಗಳ ಸೀಡ್ ಫ್ರೇಸ್, ಅಂದರೆ ವಾಲೆಟ್ ಅನ್ನು ಮತ್ತೆ ತೆರೆಯುವ ಮೂಲ ಕೀಲಿ, ಮನೆಯಲ್ಲೇ ಇರಲಿ, ಹಾಳೆಯ ಮೇಲೆ. ಫೋನಿನ ಗ್ಯಾಲರಿಯಲ್ಲಿ ಅದರ ಫೋಟೊ ಇದ್ದರೆ ಈಗಲೇ ಅಳಿಸಿ, ಕ್ಲೌಡ್‌ನಿಂದಲೂ ತೆಗೆಯಿರಿ. ಇನ್ನೊಂದು ಸಣ್ಣ ವಿಷಯ. ಟ್ರಾನ್ ನೆಟ್‌ವರ್ಕ್‌ನಲ್ಲಿ ಯುಎಸ್‌ಡಿಟಿ ಕಳಿಸುವುದಾದರೆ ಶುಲ್ಕಕ್ಕೆ ಆ ನೆಟ್‌ವರ್ಕ್‌ನದೇ ಕಾಯಿನ್ ಆದ ಒಂದಿಷ್ಟು ಟಿಆರ್‌ಎಕ್ಸ್ ವಾಲೆಟ್‌ನಲ್ಲಿರಬೇಕು. ಅದಿಲ್ಲದೆ ಅಲ್ಲಿ ಹೋಗಿ ಕೂತರೆ ಕಳಿಸಲು ಆಗುವುದಿಲ್ಲ, ಎದುರಿನವರು "ಈ ಆ್ಯಪ್ ಹಾಕ್ಕೊಳ್ಳಿ, ನಾನು ಹಾಕಿಕೊಡ್ತೀನಿ" ಅನ್ನಲು ದಾರಿಯಾಗುತ್ತದೆ. ಅವರು ಹೇಳಿದ ಆ್ಯಪ್, ಅವರು ಕಳಿಸಿದ ಲಿಂಕ್, ಅವರು ತೋರಿಸಿದ ಕ್ಯೂಆರ್ ಯಾವುದಕ್ಕೂ ನಿಮ್ಮ ವಾಲೆಟ್ ಕನೆಕ್ಟ್ ಮಾಡಬೇಡಿ. "ನಿಮ್ಮ ಯುಎಸ್‌ಡಿಟಿ ಕ್ಲೀನ್ ಇದೆಯಾ ಚೆಕ್ ಮಾಡೋಣ" ಅಂತ ಒಂದು ಪೇಜ್ ತೆರೆಸುತ್ತಾರೆ, ಅಲ್ಲಿ "ಅಪ್ರೂವ್" ಒತ್ತಿಸುತ್ತಾರೆ. ಆ ಒಂದು ಒತ್ತಿಗೆ ವಾಲೆಟ್ ಖಾಲಿ ಮಾಡುವ ಅನುಮತಿಯನ್ನು ನೀವೇ ಕೊಟ್ಟಂತೆ. ಬೇರೆಯವರಿಗೆ ಯುಎಸ್‌ಡಿಟಿ ಕಳಿಸಲು ಅವರ ವಿಳಾಸ ಬಿಟ್ಟು ಇನ್ನೇನೂ ಬೇಕಾಗಿಲ್ಲ.

ಯಾರನ್ನು, ಎಲ್ಲಿ ಭೇಟಿಯಾಗಬೇಕು

ಫಿನ್‌ಲ್ಯಾಂಡಿನ ಲೋಕಲ್‌ಬಿಟ್‌ಕಾಯಿನ್ಸ್ ಅಂತ ಒಂದು ತಾಣ 2012ರಿಂದ ಇಂಥ ಜನರನ್ನೇ ಜೋಡಿಸುತ್ತಿತ್ತು. ಮಾರುವವರ ಕಾಯಿನ್ ಅನ್ನು ಮಧ್ಯದಲ್ಲಿ ತಾನು ಹಿಡಿದಿಟ್ಟು, ದುಡ್ಡು ಸಿಕ್ಕಿತು ಅಂದ ಮೇಲೆ ಬಿಡುತ್ತಿತ್ತು. ಇದಕ್ಕೇ ಎಸ್ಕ್ರೊ ಅನ್ನುವುದು. ಅವರು ಕೂಡ 2019ರಲ್ಲಿ ಮುಖಾಮುಖಿ ನಗದು ವ್ಯವಹಾರ ನಿಲ್ಲಿಸಿದರು, 2023ರಲ್ಲಿ ಇಡೀ ತಾಣವನ್ನೇ ಮುಚ್ಚಿದರು. ಈಗ ಟೆಲಿಗ್ರಾಮ್, ವಾಟ್ಸ್‌ಆ್ಯಪ್‌ನಲ್ಲಿ ಸಿಗುವ ಪರಿಚಯಕ್ಕೆ ಎಸ್ಕ್ರೊ ಇಲ್ಲ, ರೇಟಿಂಗ್ ಇಲ್ಲ. ಗುಂಪಿನ ಅಡ್ಮಿನ್ "ಇವರು ನಂಬಿಕಸ್ಥರು" ಅಂದರೆ ಅದನ್ನೂ ನಂಬಬೇಡಿ. ಆ ಅಡ್ಮಿನ್ ಯಾರು ಅಂತ ನಿಮಗೆ ಗೊತ್ತಿಲ್ಲ ಅಲ್ವಾ?

ಭೇಟಿಗೆ ಮುಂಚೆ ಒಮ್ಮೆ ವಿಡಿಯೊ ಕಾಲ್ ಮಾಡಿ. ಹೆಸರು, ಪ್ಯಾನ್ ಕೇಳಿ. ಟಿಡಿಎಸ್ ಕಾನೂನು ಇದೆ, ದಾಖಲೆ ಬೇಕು ಅನ್ನಿ. ನೆಟ್ಟಗಿನವರು ಸ್ವಲ್ಪ ಗೊಣಗಿದರೂ ಕೊಡುತ್ತಾರೆ. ಕೆಲವರು ಇಷ್ಟು ಕೇಳಿದ ಕೂಡಲೇ ಬ್ಲಾಕ್ ಮಾಡಿ ಹೋಗುತ್ತಾರೆ, ಅಲ್ಲಿಗೆ ನಿಮ್ಮ ಅರ್ಧ ಕೆಲಸ ಆಯಿತು.

ಜಾಗ ನೀವೇ ಆರಿಸಿ. ಎಲ್ಲಕ್ಕಿಂತ ಒಳ್ಳೆಯದು ನಿಮ್ಮ ಬ್ಯಾಂಕಿನ ಶಾಖೆ, ಬೆಳಗ್ಗೆ ಹನ್ನೊಂದರ ಹೊತ್ತಿಗೆ. ಕ್ಯಾಮೆರಾ ಇರುತ್ತದೆ, ಗಾರ್ಡ್ ಇರುತ್ತಾರೆ, ದುಡ್ಡು ಅಲ್ಲೇ ಖಾತೆಗೆ ಹಾಕಬಹುದು. ಅದಾಗದಿದ್ದರೆ ಜನ ತುಂಬಿರುವ ಮಾಲ್‌ನ ಫುಡ್ ಕೋರ್ಟ್. ಅವರ ಕಾರು, ಅವರ ಆಫೀಸು, ಲಾಡ್ಜ್ ರೂಮು, ನಿಮ್ಮ ಮನೆ, ಇವು ಯಾವುದೂ ಬೇಡ. ಕೊನೇ ಗಳಿಗೆಯಲ್ಲಿ "ಸ್ವಲ್ಪ ಆಚೆ ಬನ್ನಿ, ಪಾರ್ಕಿಂಗ್ ಹತ್ತಿರ ಇದ್ದೀನಿ" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಇಬ್ಬರು ಬರುತ್ತೇವೆ ಅಂದವರು ನಾಲ್ವರಾಗಿ ಬಂದರೂ ಅಷ್ಟೇ. ಜೊತೆಗೆ ಒಬ್ಬ ಗೆಳೆಯರು ಇರಲಿ, ಅವರು ಪಕ್ಕದ ಟೇಬಲ್‌ನಲ್ಲಿ ಕೂರಲಿ. ಮನೆಯವರಿಗೆ ಲೈವ್ ಲೊಕೇಶನ್ ಕಳಿಸಿಡಿ.

ನೋಟು ಎಣಿಸುವ ಮುಂಚೆ ನೋಟು ನೋಡಿ

ಕಟ್ಟಿನ ಮೇಲೊಂದು, ಕೆಳಗೊಂದು ಅಸಲಿ ನೋಟು. ನಡುವೆ "ಚಿಲ್ಡ್ರನ್ ಬ್ಯಾಂಕ್" ಅಂತ ಅಚ್ಚಾದ ಆಟದ ನೋಟು. ಇದು ಹಳೆಯ ಮೋಸ, ಈಗಲೂ ನಡೆಯುತ್ತದೆ. ಬ್ಯಾಂಡ್ ಬಿಚ್ಚಿಸಿ, ಕಟ್ಟನ್ನು ಬೀಸಣಿಗೆಯ ಹಾಗೆ ಹರಡಿ, ಒಂದೊಂದಾಗಿ ಎಣಿಸಿ.

500ರ ನೋಟನ್ನು ಕೈಯಲ್ಲಿ ಹಿಡಿದು ನಾಲ್ಕು ಕಡೆ ನೋಡಿ. ಮುಂಭಾಗದಲ್ಲಿ ಹಾದುಹೋಗುವ ಭದ್ರತಾ ದಾರ ಹಸಿರು ಬಣ್ಣದ್ದು, ನೋಟನ್ನು ಸ್ವಲ್ಪ ಓರೆ ಮಾಡಿದರೆ ನೀಲಿಯಾಗಬೇಕು. ನಂಬರಿನ ಅಂಕಿಗಳು ಎಡದಿಂದ ಬಲಕ್ಕೆ ಹೋಗುತ್ತಾ ದೊಡ್ಡದಾಗಬೇಕು. ಎರಡು ಅಂಚಿನಲ್ಲೂ ಐದೈದು ಓರೆಗೆರೆ ಇರುತ್ತದೆ, ಬೆರಳಾಡಿಸಿದರೆ ಉಬ್ಬು ಕೈಗೆ ಸಿಗುತ್ತದೆ. ಗಾಂಧೀಜಿ ಚಿತ್ರವೂ ಹಾಗೇ ಸ್ವಲ್ಪ ಉಬ್ಬಿರುತ್ತದೆ. ಬೆಳಕಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧೀಜಿ ಮುಖ ಮತ್ತು 500 ಅನ್ನುವ ಅಂಕಿ ಕಾಣಬೇಕು.

ಇಷ್ಟು ಯಾಕೆ ಅಂದರೆ, ನೀವು ನೋಡದೆ ಬ್ಯಾಂಕಿಗೆ ಕಟ್ಟಿದಿರಿ ಅಂತಿಟ್ಟುಕೊಳ್ಳಿ. ಖೋಟಾ ನೋಟು ಸಿಕ್ಕರೆ ಬ್ಯಾಂಕು ಅದನ್ನು ವಾಪಸ್ ಕೊಡುವುದಿಲ್ಲ, ಮುದ್ರೆ ಒತ್ತಿ ಇಟ್ಟುಕೊಳ್ಳುತ್ತದೆ. ದುಡ್ಡೂ ಹೋಯಿತು. ಒಂದೇ ಸಲ ಐದು ಅಥವಾ ಅದಕ್ಕಿಂತ ಜಾಸ್ತಿ ಸಿಕ್ಕರೆ ವಿಷಯ ತಕ್ಷಣ ಪೊಲೀಸರಿಗೆ ಹೋಗುತ್ತದೆ, ಎಫ್‌ಐಆರ್ ಆಗುತ್ತದೆ. ಕೌಂಟರ್ ಎದುರು ನಿಂತಿರುವುದು ನೀವು, ಉತ್ತರ ಹೇಳಬೇಕಾದವರೂ ನೀವೇ. ಆದ್ದರಿಂದ ಎಣಿಸುವಾಗ ಎದುರಿನವರು ಅಲ್ಲೇ ಇರಲಿ, ಅನುಮಾನ ಬಂದ ನೋಟನ್ನು ಅವರಿಗೇ ವಾಪಸ್ ಕೊಡಿ, ಮೂರ್ನಾಲ್ಕು ಅನುಮಾನದ ನೋಟು ಬಂದರೆ ವ್ಯವಹಾರವನ್ನೇ ಬಿಟ್ಟು ಎದ್ದು ಬನ್ನಿ.

ದುಡ್ಡು ನಿಮ್ಮ ಕೈಗೆ ಬಂದ ಮೇಲೆ ಕಾಯಿನ್ ಕಳಿಸಿ. ಎದುರಿನವರಿಗೂ ಭಯ ಇರುತ್ತದೆ, ಅದು ಸರಿಯೇ. ಅದಕ್ಕೆ ಭಾಗ ಮಾಡಿಕೊಳ್ಳಿ. ಮೊದಲು 5,000 ರೂಪಾಯಿಯದು, ಅದು ಮುಟ್ಟಿತು ಅಂದ ಮೇಲೆ ಇನ್ನಷ್ಟು. ಕಳಿಸುವ ವಿಳಾಸವನ್ನು ಪೂರ್ತಿ ಓದಿ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಬಿಟ್ಟರೆ ಸಾಲದು. ಅವೆರಡೂ ಹೊಂದುವ ಹಾಗೆ ನಕಲಿ ವಿಳಾಸ ಮಾಡುವವರಿದ್ದಾರೆ.

ಕೊಳ್ಳುವವರು ನೀವಾದರೆ

ನಿಜವಾದ ಗೋಜಲು ಇಲ್ಲಿದೆ. "ಕಳಿಸಿದೆ ನೋಡಿ" ಅಂತ ಅವರು ತಮ್ಮ ಫೋನ್ ತೋರಿಸುತ್ತಾರೆ. ಅದನ್ನು ನೋಡಬೇಡಿ. ನಿಮ್ಮ ವಾಲೆಟ್‌ನಲ್ಲಿ ಯುಎಸ್‌ಡಿಟಿ ಅಂತ ಕಂಡರೂ ಕೂಡಲೇ ನೋಟು ಕೊಡಬೇಡಿ. ಟ್ರಾನ್ ಅಥವಾ ಇಥೀರಿಯಂ ಮೇಲೆ ಯಾರು ಬೇಕಾದರೂ ಟೋಕನ್ ಮಾಡಬಹುದು, ಅದಕ್ಕೆ ಯುಎಸ್‌ಡಿಟಿ ಅಂತಲೇ ಹೆಸರಿಟ್ಟು ಅದೇ ಹಸಿರು ಲೋಗೊ ಹಾಕಬಹುದು. "ಫ್ಲ್ಯಾಶ್ ಯುಎಸ್‌ಡಿಟಿ" ಅಂತ ಮಾರುತ್ತಾರಲ್ಲ, ಅದರಲ್ಲಿ ಹೆಚ್ಚಿನದು ಇಂಥದ್ದೇ. ನಿಮ್ಮ ಫೋನಿನಲ್ಲಿ ನೀವೇ ಟ್ರಾನ್‌ಸ್ಕ್ಯಾನ್ ಅಥವಾ ಈಥರ್‌ಸ್ಕ್ಯಾನ್ ಅನ್ನುವ, ಎಲ್ಲ ವ್ಯವಹಾರ ತೋರಿಸುವ ತಾಣ ತೆರೆದು ನಿಮ್ಮ ವಾಲೆಟ್ ವಿಳಾಸ ಹಾಕಿ. ವ್ಯವಹಾರ "ಕನ್ಫರ್ಮ್ಡ್" ಆಗಿದೆಯಾ, ಟೋಕನ್‌ನ ಕಾಂಟ್ರ್ಯಾಕ್ಟ್ ವಿಳಾಸ (ಆ ಟೋಕನ್ನಿನ ಮೂಲ ಗುರುತು) ಟೆದರ್ ಕಂಪನಿ ತನ್ನ ತಾಣದಲ್ಲಿ ಕೊಟ್ಟಿರುವುದೇ ಹೌದಾ, ಎರಡನ್ನೂ ನೋಡಿ. ಇದಕ್ಕಿಂತ ಸುಲಭದ ದಾರಿ ಒಂದಿದೆ: ನಿಮ್ಮ ಎಕ್ಸ್‌ಚೇಂಜ್ ಖಾತೆಯ ವಿಳಾಸಕ್ಕೇ ನೇರ ತರಿಸಿಕೊಳ್ಳಿ. ನಕಲಿ ಟೋಕನ್ ಅಲ್ಲಿ ಜಮಾ ಆಗುವುದೇ ಇಲ್ಲ.

ಬಿಟ್‌ಕಾಯಿನ್ ಆದರೆ ತಾಳ್ಮೆ ಬೇಕು. ಅದರ ವ್ಯವಹಾರಗಳು ಬ್ಲಾಕ್ ಅನ್ನುವ ಕಟ್ಟುಗಳಲ್ಲಿ ದಾಖಲಾಗುತ್ತವೆ. ಒಂದು ಬ್ಲಾಕ್‌ಗೆ ಸರಾಸರಿ 10 ನಿಮಿಷ, ಕೆಲವೊಮ್ಮೆ ಅರ್ಧ ಗಂಟೆಯೂ ಆಗುತ್ತದೆ. ಬ್ಲಾಕ್‌ಗೆ ಸೇರುವ ತನಕ ಕಳಿಸಿದವರು ಜಾಸ್ತಿ ಶುಲ್ಕ ಕೊಟ್ಟು ಅದೇ ಕಾಯಿನ್ ಅನ್ನು ಬೇರೆ ವಿಳಾಸಕ್ಕೆ ತಿರುಗಿಸಬಹುದು. ವಾಲೆಟ್‌ನಲ್ಲಿ "ಪೆಂಡಿಂಗ್" ಅಂತ ಕಂಡದ್ದು ನಿಮ್ಮದಾಗಿಲ್ಲ. ಸಣ್ಣ ಮೊತ್ತಕ್ಕೆ ಒಂದು ಕನ್ಫರ್ಮೇಶನ್ (ಬ್ಲಾಕ್‌ಗೆ ಸೇರಿದ್ದು ಒಂದು, ಅದರ ಮೇಲೆ ಬಂದ ಪ್ರತಿ ಬ್ಲಾಕ್‌ಗೆ ಇನ್ನೊಂದು) ಆದರೂ ಬರಲಿ, ದೊಡ್ಡದಕ್ಕೆ ಮೂರರಿಂದ ಆರು. ಅಲ್ಲಿಯ ತನಕ ಇಬ್ಬರೂ ಕಾಫಿ ಕುಡಿಯುತ್ತಾ ಕೂತಿರಿ. ಆತುರ ಮಾಡಿಸುವವರು, ಟ್ರೈನ್ ಇದೆ ಅನ್ನುವವರು ಇನ್ನೊಂದು ದಿನ ಬರಲಿ.

ಕ್ಯಾಶ್ ಬದಲು ಯುಪಿಐ ಅಂದರೆ

ಇದು ಸುರಕ್ಷಿತ ಅನ್ನಿಸುತ್ತದೆ. ನನ್ನ ಮಟ್ಟಿಗೆ ನಗದಿಗಿಂತ ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಎಲ್ಲೋ ರಾಜಸ್ಥಾನದಲ್ಲೋ ತೆಲಂಗಾಣದಲ್ಲೋ ಒಬ್ಬರು ಆನ್‌ಲೈನ್ ಮೋಸಕ್ಕೆ ದುಡ್ಡು ಕಳೆದುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಾರೆ. ಆ ದುಡ್ಡು ಯಾವ ಖಾತೆಯಿಂದ ಯಾವ ಖಾತೆಗೆ ಹೋಯಿತು ಅಂತ ಲೇಯರ್ ಒಂದು, ಲೇಯರ್ ಎರಡು ಎಂದು ಹಿಂಬಾಲಿಸುತ್ತಾರೆ. ಆ ದುಡ್ಡಿನಿಂದಲೇ ನಿಮ್ಮ ಯುಎಸ್‌ಡಿಟಿ ಕೊಂಡಿದ್ದರೆ ಆ ಸಾಲಿನಲ್ಲಿ ನಿಮ್ಮ ಖಾತೆಯೂ ಬರುತ್ತದೆ, ಫ್ರೀಜ್ ಆಗುತ್ತದೆ. ಸಂಬಳ, ಇಎಂಐ ಎಲ್ಲ ನಿಂತು ಬೇರೆ ರಾಜ್ಯದ ಠಾಣೆಗೆ ಓಡಾಡಬೇಕಾಗುತ್ತದೆ.

ತಪ್ಪಿಸಿಕೊಳ್ಳುವ ದಾರಿ: ದುಡ್ಡು ಬರುವುದು ಎದುರಿಗೆ ಕೂತವರ ಹೆಸರಿನ ಖಾತೆಯಿಂದಲೇ ಬರಬೇಕು. "ನನ್ನ ಅಣ್ಣನ ಖಾತೆ", "ಕಂಪನಿ ಖಾತೆ" ಅಂದರೆ ಬೇಡ. ಬೇರೆ ಹೆಸರಿನಿಂದ ಬಂದೇಬಿಟ್ಟರೆ ಕಾಯಿನ್ ಬಿಡಬೇಡಿ, ಅವರು ಕೊಟ್ಟ ಮೂರನೇ ಖಾತೆಗೆ ವಾಪಸ್ ಕಳಿಸಲೂ ಬೇಡಿ, ಬ್ಯಾಂಕಿಗೆ ತಿಳಿಸಿ. ಸ್ಕ್ರೀನ್‌ಶಾಟ್, ಎಸ್‌ಎಂಎಸ್ ಎರಡನ್ನೂ ನಕಲಿ ಮಾಡಬಹುದು, ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿ. ಚಾಟ್, ಟ್ರಾನ್ಸಾಕ್ಷನ್ ಹ್ಯಾಶ್ (ಬ್ಲಾಕ್‌ಚೇನ್ ವ್ಯವಹಾರದ ಗುರುತು), ಯುಟಿಆರ್ ನಂಬರ್ (ಬ್ಯಾಂಕ್ ವರ್ಗಾವಣೆಯ ಗುರುತು), ಅವರ ಪ್ಯಾನ್, ದಿನಾಂಕ ಎಲ್ಲವನ್ನೂ ಒಂದೇ ಕಡೆ ಉಳಿಸಿಡಿ. ಮುಂದೆ ಖಾತೆ ಬಿಡಿಸಿಕೊಳ್ಳಲು ಬೇಕಾಗುವುದು ಇವೇ. ತೆರಿಗೆ ಲೆಕ್ಕಕ್ಕೂ ಬರುತ್ತವೆ.

ಬೆದರಿಸಿದರೆ ಕೊಟ್ಟುಬಿಡಿ

2025ರ ಜನವರಿಯಲ್ಲಿ ಫ್ರಾನ್ಸ್‌ನಲ್ಲಿ ಕ್ರಿಪ್ಟೊ ವಾಲೆಟ್ ಸಾಧನ ಮಾಡುವ ಲೆಡ್ಜರ್ ಕಂಪನಿಯ ಸಹಸಂಸ್ಥಾಪಕ ಡೇವಿಡ್ ಬಾಲಾಂ ಅವರನ್ನು ಅಪಹರಿಸಿ, ಕ್ರಿಪ್ಟೊ ಕೊಡಿ ಎಂದು ಬೆರಳನ್ನೇ ಕತ್ತರಿಸಿದ್ದರು. ಎಷ್ಟು ಒಳ್ಳೆಯ ಪಾಸ್‌ವರ್ಡ್ ಇದ್ದರೂ ಚಾಕು ಎದುರಿಗೆ ಬಂದಾಗ ಅದು ಕಾಪಾಡುವುದಿಲ್ಲ. ಅದಕ್ಕೇ ಆ ಹೊಸ ವಾಲೆಟ್, ಅದರಲ್ಲಿ ಸ್ವಲ್ಪವೇ ದುಡ್ಡು. ಫೋನ್ ಕೇಳಿದರೆ ಫೋನ್ ಕೊಡಿ, ಪಿನ್ ಕೇಳಿದರೆ ಪಿನ್ ಕೊಡಿ. ವಾದ ಬೇಡ, ಹಿಂದೆ ಓಡುವುದೂ ಬೇಡ.

ಅಲ್ಲಿಂದ ದೂರ ಬಂದ ಕೂಡಲೇ 112ಕ್ಕೆ ಕರೆ ಮಾಡಿ. ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ, ಸಿಮ್ ಬ್ಲಾಕ್ ಮಾಡಿಸಿ. ಆ ಫೋನಿನಲ್ಲಿ ಬೇರೆ ವಾಲೆಟ್ ಇದ್ದರೆ ಮನೆಯಲ್ಲಿರುವ ಸೀಡ್ ಫ್ರೇಸ್‌ನಿಂದ ಇನ್ನೊಂದು ಫೋನಿನಲ್ಲಿ ತೆರೆದು, ಉಳಿದದ್ದನ್ನು ಹೊಚ್ಚಹೊಸ ಸೀಡ್ ಇರುವ ವಾಲೆಟ್‌ಗೆ ಸಾಗಿಸಿ. ದರೋಡೆಯಲ್ಲದೆ ಮೋಸವಾಗಿದ್ದರೆ 1930, ಜೊತೆಗೆ ಹತ್ತಿರದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ. ಹೋಗುವಾಗ ಟ್ರಾನ್ಸಾಕ್ಷನ್ ಹ್ಯಾಶ್ ಮತ್ತು ಕಾಯಿನ್ ಹೋದ ವಿಳಾಸ ಬರೆದುಕೊಂಡು ಹೋಗಿ. ಯುಎಸ್‌ಡಿಟಿ ಆಗಿದ್ದರೆ ಟೆದರ್ ಕಂಪನಿಗೆ ಒಂದು ವಿಳಾಸದಲ್ಲಿರುವ ಹಣವನ್ನು ಸ್ತಬ್ಧ ಮಾಡುವ ಶಕ್ತಿ ಇದೆ, ಪೊಲೀಸರ ಕೋರಿಕೆ ಮೇಲೆ ಮಾಡಿದ್ದೂ ಇದೆ. ಬಿಟ್‌ಕಾಯಿನ್‌ಗೆ ಹಾಗೆ ತಡೆಯುವವರು ಯಾರೂ ಇಲ್ಲ, ಅದು ಯಾವುದಾದರೂ ಎಕ್ಸ್‌ಚೇಂಜ್‌ಗೆ ಬಂದು ಬಿದ್ದಾಗಲೇ ಹಿಡಿಯಬೇಕು. ಹಾಗಾಗಿ ದೂರು ಅವತ್ತೇ ಕೊಡಿ, ಮರುದಿನಕ್ಕೆ ಇಡಬೇಡಿ.