ಡಿಮ್ಯಾಟಲ್ಲಿ ಸತ್ತು ಬಿದ್ದಿರೋ ಪೆನ್ನಿ ಶೇರಿನ ಲಾಸನ್ನ ಟ್ಯಾಕ್ಸಲ್ಲಿ ಕ್ಲೇಮ್ ಮಾಡೋದು ಹೇಗೆ

ಶೇರ್ ಆ್ಯಪ್ ತೆಗೆದ್ರೆ ಪೆನ್ನಿ ಶೇರಿನ (ಕೆಲವೇ ರೂಪಾಯಿ ಬೆಲೆಯ ಶೇರು) ಎದುರಿಗೆ ಮೈನಸ್ 97% ಅಂತ ಕೆಂಪಗೆ ಕಾಣ್ಸುತ್ತಲ್ಲ, ಇನ್ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಅದು ಲಾಸೇ ಅಲ್ಲ. ನಮ್ಮಲ್ಲಿ ಕ್ಯಾಪಿಟಲ್ ಲಾಸ್ ಅನ್ನಿಸ್ಕೋಬೇಕು ಅಂದ್ರೆ ಶೇರು ಮಾರಿರ್ಬೇಕು, ಇಲ್ಲಾ ಅದ್ರ ಮೇಲಿದ್ದ ಹಕ್ಕು ಕಾನೂನು ಪ್ರಕಾರ ರದ್ದಾಗಿರ್ಬೇಕು. ಅಮೆರಿಕದಲ್ಲಿ ಶೇರು ಪೂರ್ತಿ ವರ್ತ್‌ಲೆಸ್ ಆದ್ರೆ ವರ್ಷದ ಕೊನೇ ದಿನ ಸೊನ್ನೆಗೆ ಮಾರಿದ ಹಾಗೆ ಲೆಕ್ಕ ಹಿಡೀತಾರೆ, ಅಲ್ಲಿರೋ ಭಾವ ಹೇಳಿದ್ರು ಅಂತ ಇಲ್ಲಿನ ರಿಟರ್ನಲ್ಲಿ ಹಾಗೆ ತುಂಬೋಕೆ ಹೋಗ್ಬೇಡಿ.

ಮೊದ್ಲು ಇಷ್ಟೆಲ್ಲಾ ಒದ್ದಾಡಿದ್ರೆ ಗಿಟ್ಟುತ್ತಾ ನೋಡಿ. 60,000ಕ್ಕೆ ತಗೊಂಡಿದ್ದು 2,000ಕ್ಕೆ ಹೋಯ್ತು ಅಂದ್ಕೊಳ್ಳಿ, ಲಾಸ್ 58,000. ಅದು ಲಾಂಗ್ ಟರ್ಮ್ (ಲಿಸ್ಟೆಡ್ ಶೇರಾದ್ರೆ 12 ತಿಂಗಳಿಗಿಂತ ಜಾಸ್ತಿ ಇಟ್ಕೊಂಡಿದ್ದು) ಆಗಿದ್ರೆ ಲಾಂಗ್ ಟರ್ಮ್ ಗೇನ್ ಎದುರಿಗೆ ಮಾತ್ರ ಹೊಂದಿಸ್ಬೋದು, ಈಗಿನ 12.5% ರೇಟಲ್ಲಿ 7,250 ಉಳಿಯುತ್ತೆ. ಶಾರ್ಟ್ ಟರ್ಮ್ ಆಗಿದ್ರೆ ಎರಡೂ ಥರದ ಗೇನ್ ಎದುರಿಗೆ ನಡೆಯುತ್ತೆ, 20% ಗೇನ್‌ಗೆ ಹೊಂದಿಸಿದ್ರೆ 11,600. ಅದಕ್ಕೇ ಲಿಸ್ಟೆಡ್ ಶೇರು ಮುಳುಗ್ತಾ ಇದೆ ಅಂತ ಗೊತ್ತಾದ್ರೆ 12 ತಿಂಗಳು ತುಂಬೋ ಮುಂಚೆನೇ ಕೈ ತೊಳ್ಕೊಳ್ಳೋದು ಲಾಭ. ಸಂಬಳ, ಬಡ್ಡಿ ಎದುರಿಗೆ ಮಾತ್ರ ಯಾವ್ದೂ ನಡೆಯಲ್ಲ. ಇನ್ನೊಂದು ವಿಷ್ಯ ಎಷ್ಟೋ ಜನಕ್ಕೆ ಗೊತ್ತಿರಲ್ಲ, ಲಾಸ್ ಮೊದ್ಲು ಕಳೆದು ಆಮೇಲೆ ಲಾಂಗ್ ಟರ್ಮ್ ಗೇನಿಗೆ ವರ್ಷಕ್ಕಿರೋ 1.25 ಲಕ್ಷದ ವಿನಾಯ್ತಿ ಕೊಡ್ತಾರೆ, ಅಂದ್ರೆ ಈ ವರ್ಷ ನಿಮ್ಮ ಲಾಂಗ್ ಟರ್ಮ್ ಗೇನ್ 1.1 ಲಕ್ಷ ಇದ್ರೆ ಹೇಗೂ ಟ್ಯಾಕ್ಸ್ ಬರ್ತಿರ್ಲಿಲ್ಲ, ಲಾಸ್ ಸುಮ್ನೆ ವೇಸ್ಟ್ ಆಗೋಗುತ್ತೆ. ಅಂಥ ವರ್ಷ ಲಾಂಗ್ ಟರ್ಮ್ ಲಾಸ್ ಬುಕ್ ಮಾಡೋದು ದಡ್ಡತನ.

ಟ್ರೇಡ್ ಆಗ್ತಿರೋ ಶೇರಾದ್ರೆ ದಾರಿ ಸುಲಭ, ತಾಳ್ಮೆ ಬೇಕು ಅಷ್ಟೆ. ದಿನಾ ಲೋವರ್ ಸರ್ಕ್ಯೂಟ್ (ಆ ದಿನ ಬೆಲೆ ಇಳಿಯೋಕಿರೋ ಕೊನೇ ಮಿತಿ) ಬೀಳ್ತಿದ್ರೆ ಆ ಬೆಲೆಗೇ ಸೆಲ್ ಆರ್ಡರ್ ಬೆಳಿಗ್ಗೆ ಎಲ್ಲಕ್ಕಿಂತ ಮುಂಚೆ ಹಾಕಿಡಿ, ಒಂದೇ ಬೆಲೆಲಿ ಮೊದ್ಲು ಬಂದವ್ರದ್ದೇ ಮೊದ್ಲು ಹೋಗೋದು. ಎಕ್ಸ್‌ಚೇಂಜಿನವ್ರು ಜಿಎಸ್ಎಂ, ಝಡ್ ಗ್ರೂಪ್ ಅಂತ ನಿಗಾ ಪಟ್ಟಿಲಿ ಹಾಕಿರೋ ಕೆಲವು ಶೇರು ವಾರಕ್ಕೊಂದೇ ದಿನ ಟ್ರೇಡ್ ಆಗುತ್ತೆ, ಹಾಗಾಗಿ ಮಾರ್ಚ್ ಕೊನೇ ವಾರಕ್ಕೆ ಇಟ್ಕೋಬೇಡಿ.

ತಲೆನೋವು ಇರೋದು ಸಸ್ಪೆಂಡ್ ಅಥವಾ ಡಿಲಿಸ್ಟ್ ಆಗಿರೋದ್ರಲ್ಲಿ. ಪರಿಚಯದ ಯಾರಿಗಾದ್ರೂ ಆಫ್ ಮಾರ್ಕೆಟ್‌ನಲ್ಲಿ, ಅಂದ್ರೆ ಎಕ್ಸ್‌ಚೇಂಜಿನ ಹೊರಗೆ ಮಾರ್ಬೋದು: ಡಿಐಎಸ್ ಸ್ಲಿಪ್ (ಡಿಮ್ಯಾಟಿಂದ ಶೇರು ವರ್ಗಾಯಿಸೋ ಚೀಟಿ) ಅಥವಾ ಅದೇ ಕೆಲಸದ ಆನ್‌ಲೈನ್ ಸೇವೆ ಸಿಡಿಎಸ್ಎಲ್ ಈಸಿಯೆಸ್ಟ್ ಮೂಲಕ ಟ್ರಾನ್ಸ್‌ಫರ್, ದುಡ್ಡು ಬ್ಯಾಂಕ್ ಅಕೌಂಟಿಗೇ, ಜೊತೆಗೊಂದು ಪುಟದ ಸೇಲ್ ಅಗ್ರಿಮೆಂಟ್. ಗಿಫ್ಟ್ ಅಂತ ಕೊಟ್ರೆ ಟ್ರಾನ್ಸ್‌ಫರ್ ಲೆಕ್ಕಕ್ಕೇ ಬರಲ್ಲ, ಲಾಸೂ ಇಲ್ಲ. ಬೆಲೆನೂ ಬಾಯಿಗೆ ಬಂದಷ್ಟು ಹಾಕೋ ಹಾಗಿಲ್ಲ, ಅನ್‌ಕೋಟೆಡ್ (ಎಕ್ಸ್‌ಚೇಂಜಲ್ಲಿ ಬೆಲೆ ಬರದ) ಶೇರಿಗೆ ಒಂದು ನಿಯಮ ಇದೆ, 1961ರ ಕಾಯ್ದೆಲಿ ಅದು ಸೆಕ್ಷನ್ 50ಸಿಎ, ಕಂಪನಿ ಬ್ಯಾಲೆನ್ಸ್ ಶೀಟ್ ಪ್ರಕಾರ ಬರೋ ಬೆಲೆಗಿಂತ ಕಮ್ಮಿಗೆ ಮಾರಿದ್ರೆ ಆ ಬೆಲೆಗೇ ಮಾರಿದ್ದೀರ ಅಂತ ಹಿಡೀತಾರೆ. ನೆಟ್‌ವರ್ತ್ ನೆಗೆಟಿವ್ ಇದ್ರೆ ನೀವು ಬಚಾವ್. ಪೇಪರ್ ಮೇಲೆ ಆಸ್ತಿ ಇದ್ರೆ ನಿಮ್ಗೂ ಕಷ್ಟ, ವ್ಯತ್ಯಾಸ 50,000 ದಾಟಿದ್ರೆ ತಗೊಂಡವ್ರಿಗೂ ಟ್ಯಾಕ್ಸ್. ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಸೈಟಲ್ಲಿ ಫೀ ಕಟ್ಟಿ ಕೊನೇದಾಗಿ ಫೈಲ್ ಆಗಿರೋ ಬ್ಯಾಲೆನ್ಸ್ ಶೀಟ್ ತೆಗೆದು ಸಿಎ ಹತ್ರ ವ್ಯಾಲ್ಯುಯೇಶನ್ ಬರೆಸ್ಕೊಳ್ಳಿ. ಆ ಫೀಸು ಉಳಿಯೋ ಟ್ಯಾಕ್ಸಿಗಿಂತ ಜಾಸ್ತಿ ಆಗೋ ಹಾಗಿದ್ರೆ ಬಿಟ್ಬಿಡಿ.

ಕಂಪನಿ ದಿವಾಳಿ ಕೇಸಲ್ಲಿದ್ರೆ ಕೋರ್ಟ್ ಅಥವಾ ಟ್ರಿಬ್ಯುನಲ್ ಕೊಟ್ಟ ಆರ್ಡರ್ ಓದ್ಬೇಕು. 2021ರಲ್ಲಿ ಡಿಎಚ್ಎಫ್ಎಲ್‌ನಲ್ಲಿ ಆದ ಹಾಗೆ ರೆಸಲ್ಯೂಶನ್ ಪ್ಲಾನಲ್ಲೇ (ದಿವಾಳಿ ಕಂಪನಿನ ಹೊಸಬ್ರಿಗೆ ಒಪ್ಪಿಸೋ ಯೋಜನೆ) ಹಳೇ ಶೇರು ರದ್ದಾದ್ರೆ ಹಕ್ಕು ಹೋಯ್ತು ಅಂತ ವಾದ ಮಾಡೋಕೆ ಗಟ್ಟಿ ಜಾಗ ಇದೆ. ಬೆಂಗಳೂರಿನ ಜ್ಯುಪಿಟರ್ ಕ್ಯಾಪಿಟಲ್ ಕೇಸಲ್ಲಿ ಕಂಪನಿ ಶೇರ್ ಕ್ಯಾಪಿಟಲ್ ಕಮ್ಮಿ ಮಾಡಿ ಶೇರು ರದ್ದು ಮಾಡಿದ್ದನ್ನೂ ಟ್ರಾನ್ಸ್‌ಫರ್ ಅಂತ ನಮ್ಮ ಹೈಕೋರ್ಟ್ ಒಪ್ಪಿತ್ತು, 2025ರ ಜನವರಿಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಆದ್ರೆ ಕಿಂಗ್‌ಫಿಶರ್ ಏರ್‌ಲೈನ್ಸ್ ಥರದ್ದು ಬೇರೆ ಕಥೆ: 2016ರಲ್ಲಿ ಕರ್ನಾಟಕ ಹೈಕೋರ್ಟ್ ವೈಂಡಿಂಗ್ ಅಪ್ (ಕಂಪನಿ ಮುಚ್ಚೋ) ಆರ್ಡರ್ ಕೊಡ್ತು, ಆದ್ರೆ ಆರ್ಡರ್ ಬಂದಾಕ್ಷಣ ನಿಮ್ಮ ಶೇರು ಅಳಿಸಿಹೋಗಲ್ಲ, ಅಂಥ ಹಂತದಲ್ಲಿ ಬೇರೆಯವ್ರಿಗೆ ವರ್ಗಾಯಿಸೋಕೂ ಅಡ್ಡಿ ಇರುತ್ತೆ.

ಟೆಲಿಗ್ರಾಮಲ್ಲಿ "ಲಾಸ್ ಬೇಕಾ ಸಾರ್" ಅಂತ ಬರೋರ ಹತ್ರ ಮಾತ್ರ ಹೋಗ್ಬೇಡಿ. ಪೆನ್ನಿ ಶೇರಲ್ಲಿ ಸುಳ್ಳು ಗೇನು, ಸುಳ್ಳು ಲಾಸು ಎರಡೂ ಇಲಾಖೆಗೆ ಹಳೇ ಪರಿಚಯ.

ಕೊನೇಗೆ ರಿಟರ್ನ್. ಐಟಿಆರ್-2 ಫಾರ್ಮ್ ತುಂಬಿ, ಶೆಡ್ಯೂಲ್ ಸಿಜಿಲಿ ಮಾರಿದ್ದು ತೋರ್ಸಿ, ಮಿಕ್ಕಿದ ಲಾಸು ಮುಂದಿನ ವರ್ಷಗಳಿಗೆ ಒಯ್ಯೋ ಲಾಸಿನ ಪಟ್ಟಿ, ಅಂದ್ರೆ ಶೆಡ್ಯೂಲ್ ಸಿಎಫ್ಎಲ್‌ಗೆ ಬಂತಾ ನೋಡ್ಕೊಳ್ಳಿ. ಬ್ರೋಕರ್ ಕೊಡೋ ಟ್ಯಾಕ್ಸ್ ರಿಪೋರ್ಟಲ್ಲಿ ಆಫ್ ಮಾರ್ಕೆಟ್ ವ್ಯವಹಾರ ಸಾಮಾನ್ಯವಾಗಿ ಇರಲ್ಲ, ನಿಮ್ಮ ವ್ಯವಹಾರಗಳ ಬಗ್ಗೆ ಇಲಾಖೆ ಇಟ್ಟಿರೋ ಪಟ್ಟಿ ಎಐಎಸ್‌ನಲ್ಲಿ ಬಂದಿರುತ್ತೆ, ಎರಡನ್ನೂ ತಾಳೆ ಹಾಕಿ. ಬ್ರೋಕರೇಜ್ ಕಳೀಬೋದು, ಶೇರು ವ್ಯವಹಾರದ ಮೇಲೆ ಕಟ್ ಆಗೋ ಟ್ಯಾಕ್ಸ್ ಎಸ್‌ಟಿಟಿ ಕಳೆಯೋ ಹಾಗಿಲ್ಲ. ಡ್ಯೂ ಡೇಟ್ ಒಳಗೆ, ಅಂದ್ರೆ ಸಾಮಾನ್ಯವಾಗಿ ಜುಲೈ 31ರೊಳಗೆ ಫೈಲ್ ಮಾಡಿದ್ರೆ 8 ವರ್ಷ ಮುಂದಕ್ಕೆ ತಗೊಂಡು ಹೋಗ್ಬೋದು, ಒಂದು ದಿನ ತಡ ಆದ್ರೂ ಆ ವರ್ಷದ ಕ್ಯಾರಿ ಫಾರ್ವರ್ಡ್ ಹೋಯ್ತು. ಹಳೇ ಕಾಂಟ್ರಾಕ್ಟ್ ನೋಟ್ (ಕೊಂಡಾಗ ಬ್ರೋಕರ್ ಕೊಟ್ಟ ಬಿಲ್ಲು) ಈಗ್ಲೇ ಹುಡುಕಿ ಪಿಡಿಎಫ್ ಮಾಡಿಟ್ಕೊಳ್ಳಿ, ತಗೊಂಡ ಬೆಲೆಗೆ ಅದೇ ದಾಖಲೆ.