ಹಿತ್ತಲಿನ ಕಲ್ಲುಬೆಂಚಿಗೊಂದು ಮರದ ಪರ್ಗೋಲಾ

ಮಲೆನಾಡಿನಲ್ಲಿ ಬೇಸಿಗೆ ಬಂತೆಂದರೆ ಅಂಗಳಕ್ಕೆ ಚಪ್ಪರ ಏರುತ್ತದೆ. ಅಡಿಕೆ ಮರದ ಕಂಬ, ದಬ್ಬೆ, ಮೇಲೆ ಸೋಗೆ. ಮಳೆಗೆ ಮುಂಚೆ ಬಿಚ್ಚಿದರಾಯಿತು. ಹಿತ್ತಲಿನಲ್ಲಿ ಕಲ್ಲುಬೆಂಚು ಹಾಕಿದ ಜಾಗಕ್ಕೆ ಮಾತ್ರ ವರ್ಷವಿಡೀ ನಿಲ್ಲುವಂಥದ್ದು ಬೇಕಿತ್ತು. ಅದಕ್ಕೇ ಮರದ ಪರ್ಗೋಲಾ ಮಾಡಿದೆ, ಅಂದರೆ ಕಂಬದ ಮೇಲೆ ತೊಲೆ, ಅಡ್ಡ ಮರ ಮಾತ್ರ ಇರುವ, ಮಾಡಿಲ್ಲದ ಚಪ್ಪರ. ಫೋಟೊದಲ್ಲಿ ನೋಡಿದ್ದನ್ನು ಹಾಗೇ ಇಲ್ಲಿ ಕಟ್ಟಿದರೆ ಬಾಳಿಕೆ ಬರುವುದಿಲ್ಲ. ನಮ್ಮ ಮಳೆಗೆ ನೀರು ಎಲ್ಲಿ ನಿಲ್ಲುತ್ತದೆ ಅಂತ ಮೊದಲು ನೋಡಬೇಕು, ಚಂದ ಆಮೇಲೆ.

ಮರ ಅಕೇಶಿಯಾ. ತೇಗ ಒಳ್ಳೆಯದೇ, ಆದರೆ ಮಳೆಯಲ್ಲಿ ನೆನೆಸಲು ಅಷ್ಟು ದುಡ್ಡು ಸುರಿಯಲು ನನಗೆ ಮನಸ್ಸಿಲ್ಲ. ಅಕೇಶಿಯಾದ ಚೇಗು, ಅಂದರೆ ಒಳಗಿನ ತಿರುಳು, ಗಟ್ಟಿ. ಹೊರಗಿನ ಬಿಳಿ ಭಾಗ ಬೇಗ ಹುಳ ಹಿಡಿಯುತ್ತದೆ, ಮಿಲ್ಲಿನಲ್ಲಿ ಕೊಯ್ಸುವಾಗಲೇ ಅದನ್ನು ತೆಗೆಸಬೇಕು. ಕೊಯ್ಸಿದ್ದನ್ನು ನಡುವೆ ರೀಪು ಇಟ್ಟು, ನೆರಳಿನಲ್ಲಿ ಅಟ್ಟಿ ಹಾಕಿ ಒಣಗಿಸಿದೆ. ಬಿಸಿಲಿಗೆ ಬಿಟ್ಟರೆ ತುದಿಯಿಂದ ಸೀಳುತ್ತದೆ.

ಲೆಕ್ಕ ಸುಲಭ. ಅಗಲ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಹಿಡಿದು ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. 5×5 ಇಂಚಿನ 9 ಅಡಿ ಕಂಬ ನಾಲ್ಕು, 2×6ರ 12 ಅಡಿ ತೊಲೆ ನಾಲ್ಕು, ತೊಲೆಯ ಮೇಲೆ ಅಡ್ಡ ಕೂರುವ 2×4ರ 10 ಅಡಿ ಪಕಾಸು ಒಂಬತ್ತು. ಒಟ್ಟು 15 ಘನ ಅಡಿಗೆ ಸ್ವಲ್ಪ ಜಾಸ್ತಿ. ಓರೆ ಪಟ್ಟಿ, ವೇಸ್ಟು ಸೇರಿಸಿ 18 ಹಿಡಿಯಿರಿ.

ಕಂಬಗಳ ನಡುವೆ ಒಂದು ಕಡೆ 10 ಅಡಿ, ಇನ್ನೊಂದು ಕಡೆ 8 ಅಡಿ. ಎದುರುಬದುರಿನ ಅಳತೆ ಸರಿಯಿದ್ದು, ಮೂಲೆಯಿಂದ ಮೂಲೆಗೆ ಎರಡೂ ಕಡೆ ಸುಮಾರು 12 ಅಡಿ 9¾ ಇಂಚು ಬಂದರೆ ಮೂಲೆಮಟ್ಟ ಕೂತಿದೆ ಅಂತ ಅರ್ಥ. ಪ್ರತಿ ಕಂಬದ ಜಾಗದಲ್ಲಿ ಕಾಂಕ್ರೀಟಿಗೆ ತೆಗೆದ ಗುಂಡಿ ಎರಡೂವರೆ ಅಡಿ ಆಳ.

ಮರಗೆಲಸದ ಆಚಾರ್ರು ಮೊದಲು ಕೇಳಿದ್ದೇ, “ಕಂಬ ಹುಗಿಯೋದಾ, ನಿಲ್ಲಿಸೋದಾ?” ಅಂತ. ಹುಗಿದರೆ ಅಲುಗಾಡುವುದಿಲ್ಲ ನಿಜ, ಆದರೆ ಬುಡಕ್ಕೆ ಗೆದ್ದಲು, ತೇವ ಎರಡೂ. ವೆಲ್ಡಿಂಗ್ ಅಂಗಡಿಯಲ್ಲಿ 6 ಎಂಎಂ ಪಟ್ಟಿಯ ಯು ಆಕಾರದ ಕಬ್ಬಿಣದ ಚಪ್ಪಲಿ ಮಾಡಿಸಿ, ಅದರ ಕಾಲನ್ನು ಕಾಂಕ್ರೀಟಿಗೆ ಇಳಿಸಿದೆವು. ಕಂಬ ಕಾಂಕ್ರೀಟಿನಿಂದ 2 ಇಂಚು ಮೇಲೆ ನಿಂತಿದೆ. ಕೆಳಗೆ ಗಾಳಿ ಆಡುತ್ತದೆ, ಗೆದ್ದಲು ಹತ್ತಿದರೂ ಅದರ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಹೀಗೆ ನಿಲ್ಲಿಸಿದ ಕಂಬ ತಾನಾಗಿ ಗಟ್ಟಿ ನಿಲ್ಲುವುದಿಲ್ಲ. ಕಂಬಕ್ಕೂ ತೊಲೆಗೂ ನಡುವೆ 45 ಡಿಗ್ರಿಯಲ್ಲಿ ಓರೆ ಪಟ್ಟಿ ಬೇಕೇ ಬೇಕು. ನೋಡಲು ಅಡ್ಡ ಅಂತ ಅದನ್ನು ಬಿಡಬೇಡಿ.

ತೊಲೆಗಳನ್ನು ಕಂಬದ ಎರಡೂ ಬದಿಗೆ ಜೋಡಿಯಾಗಿ ಅಪ್ಪಿಸಿ, ಅರ್ಧ ಇಂಚಿನ ಜಿ.ಐ. ಬೋಲ್ಟನ್ನು ಆರ್‌ಪಾರ್ ಹಾಕಿ ವಾಷರ್ ಕೊಟ್ಟು ಬಿಗಿದೆವು. ಪಕಾಸು ಕೂರಿಸುವಾಗ ನಮ್ಮಿಬ್ಬರಿಗೂ ಚರ್ಚೆಯಾಯಿತು. ತೊಲೆಯ ಮೇಲ್ಭಾಗಕ್ಕೆ ಕಚ್ಚು ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ ಎಂದರು ಆಚಾರ್ರು. ಹೆಂಚಿನ ಮಾಡಿನ ಕೆಳಗಾದರೆ ಸರಿ. ಇಲ್ಲಿ ಮೇಲೆ ಹೆಂಚಿಲ್ಲ, ಆ ಕಚ್ಚು ನೀರು ನಿಲ್ಲುವ ತೊಟ್ಟಿಯಾಗುತ್ತದೆ. ಕಚ್ಚನ್ನು ಪಕಾಸಿನ ಅಡಿಗೆ ಮಾತ್ರ ಹಾಕಿಸಿದೆ, ಒಂದು ಇಂಚು ಆಳ, ತೊಲೆಯ ಮೇಲೆ ಬೋರಲಾಗಿ ಕೂರುವ ಹಾಗೆ. ನೀರು ಎರಡೂ ಕಡೆ ಜಾರಿ ಹೋಗುತ್ತದೆ. ಪಕಾಸಿನ ತುದಿಗಳನ್ನು ಒಳಮುಖವಾಗಿ ಓರೆ ಕತ್ತರಿಸಿದೆವು. ಕಂಬದ ತಲೆಗೆ ತಗಡಿನ ಟೋಪಿ ಹಾಕಿದೆವು. ಜೋಡಿ ತೊಲೆಗಳ ನಡುವಿನ ಸಂದಿಯಲ್ಲಿ ತರಗೆಲೆ ತುಂಬಿಕೊಳ್ಳುತ್ತದೆ, ಮಳೆಗಾಲದಲ್ಲಿ ಆಗಾಗ ಕೋಲು ಹಾಕಿ ತೆಗೆಯುತ್ತೇನೆ.

ಕತ್ತರಿಸಿದ ತುದಿ, ಕಚ್ಚು, ಕಂಬದ ಬುಡ, ಇಷ್ಟಕ್ಕೂ ಗೇರೆಣ್ಣೆ, ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ. ಕರಾವಳಿಯಲ್ಲಿ ದೋಣಿಗೆ ಬಳಿಯುತ್ತಿದ್ದದ್ದು ಇದೇ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಕೈಗವಸು ಹಾಕಿಕೊಳ್ಳಿ. ಉಳಿದ ಕಡೆ ಅಗಸೆ ಎಣ್ಣೆ ಸಾಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಕಟ್ಟಿ ಮುಗಿಸಿದ ಮೇಲೆ ಬಂದವರೆಲ್ಲ ಕೇಳಿದ್ದು ಒಂದೇ: “ಹೆಂಚು ಯಾವಾಗ ಹೊದಿಸ್ತೀರಿ?” ಅವರ ಸಂಶಯ ಸುಮ್ನೆ ಅಲ್ಲ. ಒಂದೂವರೆ ಅಡಿಗೊಂದು 2 ಇಂಚಿನ ಪಕಾಸು ಅಂದರೆ ಮಧ್ಯಾಹ್ನ ನೆರಳು ಒಂಬತ್ತರಲ್ಲಿ ಒಂದು ಪಾಲು. ಅದೂ ನಮ್ಮ ಕಡೆ ಏಪ್ರಿಲ್ ಕೊನೆಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆರಳು ಕೊಡಬೇಕಾದದ್ದು ಬಳ್ಳಿ. ಬಳ್ಳಿ ಹಬ್ಬುವ ತನಕ ಬೇಸಿಗೆಯಲ್ಲಿ ಅಡಿಕೆ ಸೋಗೆಯನ್ನೇ ಮೇಲೆ ಹಾಸಿದೆ.

ಬಳ್ಳಿಗೆ ಥನ್ಬರ್ಜಿಯಾ ಮೈಸೊರೆನ್ಸಿಸ್ ಆರಿಸಿಕೊಂಡೆ. ನಮ್ಮ ಪಶ್ಚಿಮ ಘಟ್ಟದ್ದೇ ಗಿಡ. ಹಳದಿ, ಕೆಂಗಂದು ಬಣ್ಣದ ಹೂಗೊಂಚಲು ಮಾಲೆಯಂತೆ ಕೆಳಗೆ ಜೋತುಬೀಳುತ್ತದೆ, ಸೂರಕ್ಕಿಗಳಿಗೆ ಅದೆಂದರೆ ಪ್ರಾಣ. ಕಂಬ 9 ಅಡಿ ಇಟ್ಟಿದ್ದು ಇದಕ್ಕೇ, 7 ಅಡಿಯಾಗಿದ್ದರೆ ಹೂವು ಮುಖಕ್ಕೇ ಬಡಿಯುತ್ತಿತ್ತು. ಬೋಗನ್‌ವಿಲ್ಲಾ ಬೇಡ, ಕುಳಿತವರ ತಲೆಯ ಮೇಲೆ ಮುಳ್ಳು ಯಾಕೆ? ಮಳೆಯಲ್ಲಿ ನೆನೆದ ಬಳ್ಳಿಯ ಭಾರ ಜಾಸ್ತಿ. ಹೂವು ಮುಗಿದ ಮೇಲೆ, ಮಳೆಗೆ ಮುಂಚೆ, ಧಾರಾಳವಾಗಿ ಸವರಿ, ಅದೇ ಏಣಿಯ ಮೇಲಿದ್ದಾಗ ಬೋಲ್ಟುಗಳನ್ನೂ ಒಂದು ಸುತ್ತು ಬಿಗಿದುಬಿಡುತ್ತೇನೆ.